ಏಳು ತಂತಿಯ ‘ಚಿನ್’ ಮತ್ತು ಗ್ವಾನ್ ಪಿಂಗ್‌ಹು

ನಮ್ಮ ವೀಣೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಅದರ ದಂಡಿಯ ಮೇಲಿನ ಇಪ್ಪತ್ತನಾಲ್ಕು ಮೆಟ್ಟುಗಳನ್ನೂ ಕಿತ್ತುಬಿಡಿ; ಕೊಡವನ್ನೂ ಬುರುಡೆಯನ್ನೂ ತೆಗೆಯಿರಿ; ತಾಳದ ತಂತಿಗಳೂ ಬೇಡ. ಉಳಿದ ಉದ್ದನೆಯ ಟೊಳ್ಳು ಮರಕ್ಕೆ ಈ ಕೊನೆಯಿಂದ ಆ ಕೊನೆಗೆ ರೇಷ್ಮೆಯ ಏಳು ತಂತಿಗಳನ್ನು ಬಿಗಿದು, ಅದನ್ನು ಒಂದು ಮೇಜಿನ ಮೇಲೆ ಅಡ್ಡಲಾಗಿ ಮಲಗಿಸಿ. ಚೀನೀಯರು ‘ಚಿನ್’ ಎಂದು ಕರೆಯುವ ವಾದ್ಯದ ಸ್ಥೂಲ ರೂಪ ಇದು. ಎರಡು ಸಾವಿರ ವರ್ಷಕ್ಕೂ ಮೀರಿದ ವಯಸ್ಸು ಅದರದು. ಆದ್ದರಿಂದ ಈಗ ಅದಕ್ಕೆ ‘ಗುಚಿನ್’, ಎಂದರೆ ಪುರಾತನ ಚಿನ್, ಎಂಬ ಹೆಸರೇ ಹೆಚ್ಚು ರೂಢಿಯಲ್ಲಿದೆ.

ವಾದ್ಯದ ಉದ್ದ ಸುಮಾರು 120 ಸೆಂಟಿಮೀಟರು. ಅಗಲ ಒಂದು ಗೇಣಿಗಿಂತ ಹೆಚ್ಚಿಲ್ಲ. ಮೇಲಿನ ಹಲಗೆಗೆ ಹಗುರವಾದ ಪೌಲೋನಿಯ ಜಾತಿಯ ಮರ, ಕೆಳಗಿನ ಹಲಗೆಗೆ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಮರ. ಎರಡನ್ನೂ ಒಳಗಡೆ ತೋಡಿ, ಒಂದರ ಮೇಲೊಂದು ಕೂಡಿಸಿ, ಜಿಂಕೆಯ ಕೊಂಬಿನ ಪುಡಿಯನ್ನು ಮರದ ಅರಗಿನಲ್ಲಿ ಕಲಸಿ ಮೈಗೆಲ್ಲ ಲೇಪಿಸುತ್ತಾರೆ. ಅದರ ಮೇಲೆ ಮತ್ತೆ ಅರಗಿನ ಹೊಳಪು. ಈ ಲೇಪ ನೂರಾರು ವರ್ಷ ಕಳೆದ ಮೇಲೆ, ತಂತಿಯ ಮಿಡಿತಕ್ಕೂ ಹವೆಯ ಏರಿಳಿತಕ್ಕೂ ಸೂಕ್ಷ್ಮವಾಗಿ ಬಿರಿಯುತ್ತದೆ. ಬಿರುಕುಗಳಿಗೂ ಚೀನೀಯರು ಹೆಸರಿಟ್ಟಿದ್ದಾರೆ: ಹಾವಿನ ಹೊಟ್ಟೆಯ ಬಿರುಕು, ದನದ ಕೂದಲಿನ ಬಿರುಕು, ಹೂವಿನ ಎಸಳಿನ ಬಿರುಕು. ಹಳೆಯ ವಾದ್ಯ ಕೊಳ್ಳುವವರು ಮೊದಲು ನೋಡುವುದು ಇವನ್ನೇ. ಬಿರುಕು ಬಿಟ್ಟದ್ದಕ್ಕೆ ಬೆಲೆ ಹೆಚ್ಚು ಎಂಬುದು ನಮಗೆ ವಿಚಿತ್ರವಾಗಿ ಕಂಡೀತು. ಆದರೆ ವಾದ್ಯದ ವಯಸ್ಸಿಗೆ ಅದೇ ಸಾಕ್ಷಿ.

ಮೆಟ್ಟುಗಳಿಲ್ಲದಿದ್ದರೆ ಸ್ವರಸ್ಥಾನ ತಿಳಿಯುವುದು ಹೇಗೆ? ವಾದ್ಯದ ಹೊರ ಅಂಚಿನುದ್ದಕ್ಕೂ, ಚಿಪ್ಪಿನದೋ ಚಿನ್ನದ್ದೋ, ಹದಿಮೂರು ಚುಕ್ಕೆಗಳನ್ನು ಕೂಡಿಸಿರುತ್ತಾರೆ. ಏಳನೆಯ ಚುಕ್ಕೆ ತಂತಿಯ ನಟ್ಟನಡುವೆ ಬರುತ್ತದೆ. ಉಳಿದವು ಮೂರರಲ್ಲೊಂದು, ನಾಲ್ಕರಲ್ಲೊಂದು, ಐದರಲ್ಲೊಂದು ಎಂಬಂತೆ ತಂತಿಯನ್ನು ಭಾಗಮಾಡುವ ಕಡೆಗಳಲ್ಲಿ ಇರುತ್ತವೆ. ಬಲಗೈಯಿಂದ ಮೀಟುವಾಗ ಎಡಗೈ ಬೆರಳನ್ನು ಇಂಥ ಚುಕ್ಕೆಯ ನೇರಕ್ಕೆ ತಂತಿಗೆ ಸೋಕಿಸಿ ಕೂಡಲೇ ತೆಗೆದರೆ, ಸಣ್ಣ ಗಂಟೆಯಂತೆ ತಿಳಿಯಾದ ನಾದ ಹೊರಡುತ್ತದೆ. ಬೆರಳು ಮುಟ್ಟಿಸದೆ ಬರಿದೆ ಮೀಟಿದರೆ ಇನ್ನೊಂದು ಬಗೆ, ಆಳವಾದದ್ದು. ಬೆರಳನ್ನು ಒತ್ತಿ ಹಿಡಿದು ಮೀಟುವುದು ಮೂರನೆಯ ಬಗೆ. ಚಿನ್ ವಾದನದ ಜೀವವಿರುವುದು ಈ ಮೂರನೆಯದರಲ್ಲಿ. ಮೀಟಿದ ಮೇಲೆ ಬೆರಳು ಅಲ್ಲೇ ನಿಲ್ಲುವುದಿಲ್ಲ. ಮೇಲಕ್ಕೆ ಜಾರುತ್ತದೆ, ಕೆಳಕ್ಕೆ ಇಳಿಯುತ್ತದೆ, ನಿಂತಲ್ಲೇ ತೂಗುತ್ತದೆ. ಗೋಟುವಾದ್ಯ ಕೇಳಿದವರಿಗೆ ಈ ಜಾರುವಿಕೆ ಹೊಸದಲ್ಲ. ಅಲ್ಲಿ ಮರದ ಗಟ್ಟಿ ಜಾರುವ ಕಡೆ ಇಲ್ಲಿ ಬರಿಯ ಬೆರಳು ಜಾರುತ್ತದೆ, ಅಷ್ಟೇ. ಎಷ್ಟೋ ಸಲ ಮೂಲ ನಾದ ಆರಿಹೋದ ಮೇಲೂ ಬೆರಳು ಚಲಿಸುತ್ತಲೇ ಇರುತ್ತದೆ. ಕೇಳುವವನು ಆ ಸ್ವರವನ್ನು ಅರ್ಧ ಕಿವಿಯಿಂದಲೂ ಅರ್ಧ ಮನಸ್ಸಿನಿಂದಲೂ ಪೂರ್ತಿಮಾಡಿಕೊಳ್ಳಬೇಕು.

ಚಿನ್ನಿನ ದನಿ ಬಹಳ ಮೆಲುವು. ಪಕ್ಕದ ಕೋಣೆಯಲ್ಲಿ ಪಾತ್ರೆ ತೊಳೆಯುತ್ತಿದ್ದರೆ ಅದು ಕೇಳಿಸದು. ಸಭೆಗಾಗಿ ಹುಟ್ಟಿದ ವಾದ್ಯವೇ ಅಲ್ಲ ಅದು. ಓದುಬರಹ ಬಲ್ಲವರು ತಮ್ಮ ಕೋಣೆಯಲ್ಲಿ ತಮಗಾಗಿಯೋ ಒಬ್ಬಿಬ್ಬರು ಮಿತ್ರರಿಗಾಗಿಯೋ ನುಡಿಸುತ್ತಿದ್ದರು. ಚಿನ್, ಚದುರಂಗದಂಥ ಒಂದು ಆಟ, ಬರವಣಿಗೆ, ಚಿತ್ರ ಇವು ನಾಲ್ಕು ವಿದ್ಯಾವಂತನಿಗೆ ಇರಬೇಕಾದ ಕಲೆಗಳೆಂದು ಎಣಿಸುತ್ತಿದ್ದರು. ಬೋ ಯಾ ಎಂಬ ವಾದಕನ ಕಥೆ ಚೀನಾದಲ್ಲಿ ಮಕ್ಕಳಿಗೂ ಗೊತ್ತು. ಅವನು ಬೆಟ್ಟವನ್ನು ನೆನೆದು ನುಡಿಸಿದರೆ ಮಿತ್ರ ಜುಂಗ್ ಜಿಚಿ ‘ಬೆಟ್ಟ’ ಎನ್ನುವನು. ಹೊಳೆಯನ್ನು ನೆನೆದರೆ ‘ಹೊಳೆ’ ಎನ್ನುವನು. ಆ ಮಿತ್ರ ತೀರಿಕೊಂಡಾಗ ಬೋ ಯಾ ವಾದ್ಯವನ್ನು ಒಡೆದು, ತಂತಿ ಹರಿದು, ಮತ್ತೆ ನುಡಿಸಲಿಲ್ಲವಂತೆ. ಆಪ್ತಮಿತ್ರನಿಗೆ ಚೀನೀ ಭಾಷೆಯಲ್ಲಿ ‘ನಾದವನ್ನು ಬಲ್ಲವನು’ ಎಂಬ ಮಾತು ಬಂದದ್ದು ಈ ಕಥೆಯಿಂದ.

ಇಂಥ ವಾದ್ಯಕ್ಕೆ ಒಂದು ಅಪಾಯ ಸದಾ ಇದ್ದೇ ಇದೆ. ನುಡಿಸುವವರೂ ಕೇಳುವವರೂ ಕೈಬೆರಳೆಣಿಕೆಯಷ್ಟು ಜನ. ಅವರು ಹೋದರೆ ಉಳಿಯುವುದು ಮರದ ತುಂಡು. ಬೀಜಿಂಗಿನ ಅರಮನೆಯಲ್ಲಿ ಹಾಗೆ ಮರದ ತುಂಡಾಗಿ ಬಿದ್ದಿದ್ದ ಒಂದು ಚಿನ್ನಿನ ಸಂಗತಿಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

1924ರ ನವೆಂಬರಿನಲ್ಲಿ, ಪದಚ್ಯುತನಾಗಿದ್ದರೂ ಅರಮನೆಯಲ್ಲೇ ಇದ್ದ ಚೀನಾದ ಕೊನೆಯ ಚಕ್ರವರ್ತಿ ಪು ಯೀಯನ್ನು ಅಲ್ಲಿಂದ ಹೊರಡಿಸಿದರು. ಆಮೇಲೆ ಒಂದು ಸಮಿತಿ ಕೋಣೆ ಕೋಣೆಯನ್ನೂ ತೆರೆಸಿ, ಇದ್ದ ಸಾಮಾನುಗಳ ಪಟ್ಟಿ ಬರೆಸಿತು. ಉಗ್ರಾಣವೊಂದರಲ್ಲಿ ಗೋಡೆಗೆ ಸೇರಿದಂತೆ ಒಂದು ಚಿನ್ ಸಿಕ್ಕಿತು. ಮೇಲೆ ಸೂರು ಸೋರಿ, ಮಣ್ಣುನೀರು ವರ್ಷಗಟ್ಟಲೆ ಅದರ ಮೈಮೇಲೆ ಇಳಿದು ಒಣಗಿತ್ತು. ಮುಖವೆಲ್ಲ ಬೂದು ಬಣ್ಣಕ್ಕೆ ತಿರುಗಿ, ಅರಗು ಪೂರ್ತಿ ಉದುರಿಹೋದಂತೆ ಕಾಣುತ್ತಿತ್ತು. ಪಟ್ಟಿ ಬರೆಯುವವರು ಬರೆದರು: ಮುರುಕು ಚಿನ್, ಒಂದು. ಅವರನ್ನು ದೂರುವಂತಿಲ್ಲ. ಸಾವಿರಾರು ಸಾಮಾನುಗಳ ನಡುವೆ ಕಣ್ಣಿಗೆ ಕಂಡದ್ದನ್ನು ಅವರು ಬರೆದರು.

ಮುರುಕು ಎಂದು ಬರೆಸಿಕೊಂಡು ಅದು ಇಪ್ಪತ್ತಕ್ಕೂ ಹೆಚ್ಚು ವರ್ಷ ಬಿದ್ದಿತ್ತು. ಅಷ್ಟರಲ್ಲಿ ಅರಮನೆ ವಸ್ತುಸಂಗ್ರಹಾಲಯವಾಗಿತ್ತು. 1947ರಲ್ಲಿ ಅಲ್ಲಿ ಕೆಲಸಕ್ಕಿದ್ದ ವಾಂಗ್ ಶಿಶ್ಯಾಂಗ್ ಎಂಬ ತರುಣ ವಿದ್ವಾಂಸರ ಕಣ್ಣಿಗೆ ಅದು ಬಿತ್ತು. ಮುಂದೆ ಚೀನಾದ ಹಳೆಯ ಮರಗೆಲಸ, ಅರಗಿನ ಕೆಲಸ ಇವುಗಳ ಬಗ್ಗೆ ಪ್ರಮಾಣಗ್ರಂಥಗಳನ್ನು ಬರೆದವರು ಇವರೇ. ಅವರು ವಾದ್ಯವನ್ನು ನೋಡಿದೊಡನೆ ಇದು ಟಾಂಗ್ ವಂಶದ ಕಾಲದ್ದು ಎಂದು ಗುರುತಿಸಿದರು. ಮುರುಕಾಗಿದ್ದುದು ವಾದ್ಯವಲ್ಲ, ಮೇಲೆ ಹೆಪ್ಪುಗಟ್ಟಿದ್ದ ಮಣ್ಣು. ಆದರೆ ಅದನ್ನು ತೆಗೆಯುವವರು ಯಾರು? ಚಾಣ ಸ್ವಲ್ಪ ಆಳಕ್ಕೆ ಇಳಿದರೂ ಸಾವಿರದ ಇನ್ನೂರು ವರ್ಷದ ಅರಗು ಮಣ್ಣಿನೊಡನೆ ಎದ್ದುಬರುತ್ತದೆ. ಅರಗಿನ ಕೆಲಸ ಬಲ್ಲವರಿಗೆ ನಾದ ಗೊತ್ತಿಲ್ಲ. ನಾದ ಬಲ್ಲವರಿಗೆ ಅರಗು ಗೊತ್ತಿಲ್ಲ. ಎರಡನ್ನೂ ಬಲ್ಲವರೊಬ್ಬರಿದ್ದರು, ಗ್ವಾನ್ ಪಿಂಗ್‌ಹು. 1949ರಲ್ಲಿ ಅವರನ್ನು ಕರೆಸಿದರು.

ಗ್ವಾನ್ ಹುಟ್ಟಿದ್ದು 1897ರಲ್ಲಿ. ಮನೆತನದ ಮೂಲ ಸುಜೌ. ತಂದೆ ಗ್ವಾನ್ ನಿಯಾನ್‌ತ್ಸಿ ಅರಮನೆಯ ಚಿತ್ರಗಾರರು, ಚಿನ್ ವಾದಕರು. ಮಗನಿಗೆ ಎರಡು ವಿದ್ಯೆಗೂ ಅವರೇ ಅಕ್ಷರಾಭ್ಯಾಸ ಮಾಡಿಸಿದರು. ಆದರೆ ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಆಮೇಲೆ ಗ್ವಾನ್ ಗುರುಗಳನ್ನು ಹುಡುಕಿಕೊಂಡು ನಡೆದರು. ಬೀಜಿಂಗಿನ ಪ್ರಸಿದ್ಧ ವಿದ್ವಾಂಸ ಯಾಂಗ್ ಜುಂಗ್‌ಜಿ, ಒಬ್ಬ ಬೌದ್ಧ ಭಿಕ್ಷು, ಒಬ್ಬ ತಾವೊ ಸಂನ್ಯಾಸಿ, ಹೀಗೆ ಬೇರೆ ಬೇರೆ ಸಂಪ್ರದಾಯದವರಲ್ಲಿ ಕಲಿತು ತಮ್ಮದೇ ಒಂದು ಶೈಲಿಯನ್ನು ಕಟ್ಟಿಕೊಂಡರು. ಅವರ ಹೆಸರಿನಿಂದಲೇ ಒಂದು ಪಂಥ ಇಂದಿಗೂ ನಡೆಯುತ್ತಿದೆ. ಹೊಟ್ಟೆಪಾಡಿನ ಮಾತು ಬೇರೆ. ಹಳೆಯ ರಾಜ್ಯ ಹೋಗಿ, ಯುದ್ಧದ ಮೇಲೆ ಯುದ್ಧ ಬಂದ ಕಾಲದಲ್ಲಿ, ಮೆಲ್ಲಗೆ ನುಡಿಯುವ ಈ ವಾದ್ಯವನ್ನು ಕಲಿಯುವವರು ಎಷ್ಟು ಮಂದಿ ಸಿಕ್ಕಾರು? ಪಾಠ ಹೇಳಿ, ಹೂವಿನ ಚಿತ್ರಗಳನ್ನು ಬರೆದು, ಹಳೆಯ ವಾದ್ಯಗಳನ್ನು ದುರಸ್ತಿಮಾಡಿ ಅವರು ಬಡತನದಲ್ಲೇ ಕಾಲ ತಳ್ಳಿದರು. ಅವರಿಗೆ ಬಲು ಮೆಚ್ಚಿನದಾದ ಒಂದು ಹಳೆಯ ಚಿನ್ ಸ್ವಂತಕ್ಕಿತ್ತು. ಅದರ ಬೆನ್ನಿನ ಮೇಲೆ ಕೆತ್ತಿದ ಹೆಸರು, ಹಸಿರು ಬಳ್ಳಿಗಳ ನಡುವೆ ಕೋತಿಯ ಕೂಗು ಎಂಬ ಅರ್ಥದ್ದು, ಕವಿತೆಯಂತಿದೆ. ಚಪ್ಪಟೆ ಮೈಯದಾದ್ದರಿಂದ ಅದಕ್ಕೆ ಬಿದ್ದ ಅಡ್ಡಹೆಸರು ಮಾತ್ರ ‘ದೊಡ್ಡ ಚಪ್ಪಟೆ’. ಮನೆಯಲ್ಲಿ ಕರೆಯುವ ಹೆಸರು ಬೇರೆ, ಶಾಲೆಯ ಹೆಸರು ಬೇರೆ ಎಂಬ ಪದ್ಧತಿ ವಾದ್ಯಗಳಿಗೂ ಉಂಟು ಎಂದಾಯಿತು.

ಅರಮನೆಯ ಚಿನ್ನಿನ ಮೇಲೆ ಗ್ವಾನ್ ತಿಂಗಳುಗಟ್ಟಲೆ ಕೆಲಸಮಾಡಿದರು. ಹೆಪ್ಪುಗಟ್ಟಿದ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ, ಕೆಳಗಿನ ಲೇಪಕ್ಕೆ ಧಕ್ಕೆಯಾಗದಂತೆ ಬಿಡಿಸಿದರು. ಬೂದು ಬಣ್ಣ ಹೋಗಿ ಬಾದಾಮಿಯ ಸಿಪ್ಪೆಯಂಥ ಕಂದು, ನಡುನಡುವೆ ಕಪ್ಪು, ಆ ಹಳೆಯ ಮೆರುಗು ಹಾಗೆಯೇ ಹೊರಬಂದಿತು. ಹದಿಮೂರು ಚುಕ್ಕೆಗಳೂ ಚಿನ್ನದವು. ಬೆನ್ನಿನ ಮೇಲೆ ‘ದಾ ಶೆಂಗ್ ಯೀ ಯಿನ್’ ಎಂಬ ನಾಲ್ಕು ಅಕ್ಷರಗಳು. ‘ಮಹಾಜ್ಞಾನಿ ಬಿಟ್ಟುಹೋದ ನಾದ’ ಎಂದು ಅರ್ಥ ಹೇಳಬಹುದು. ಒಡಲಿನ ಒಳಗೆ ಕೆಂಪು ಅರಗಿನಲ್ಲಿ ಬರೆದ ಸಂವತ್ಸರದ ಹೆಸರನ್ನು ಲೆಕ್ಕಹಾಕಿದರೆ ಅದು ಕ್ರಿ. ಶ. 756 ಆಗುತ್ತದೆ. ಆ ವರ್ಷ ಟಾಂಗ್ ಸಾಮ್ರಾಜ್ಯದಲ್ಲಿ ಸೇನಾಪತಿ ಆನ್ ಲುಶಾನನ ದಂಗೆ ಉರಿಯುತ್ತಿತ್ತು. ಚಕ್ರವರ್ತಿ ರಾಜಧಾನಿ ಬಿಟ್ಟು ಓಡಿದ್ದ. ಮಗ ದೂರದ ಗಡಿಯೂರಿನಲ್ಲಿ ಪಟ್ಟಕ್ಕೇರಿದ್ದ. ವಾದ್ಯದೊಳಗೆ ಇರುವುದು ಆ ಹೊಸ ಚಕ್ರವರ್ತಿಯ ಶಕೆ. ದೇಶ ಹೊತ್ತಿ ಉರಿಯುತ್ತಿದ್ದಾಗಲೂ ಯಾರೋ ಒಬ್ಬ ಬಡಗಿ ಕುಳಿತು ಮರ ತೋಡಿದ್ದಾನೆ, ಅರಗು ಹಚ್ಚಿದ್ದಾನೆ! ಟಾಂಗ್ ಕಾಲದ ಚಿನ್‌ಗಳು ಇಂದು ಜಗತ್ತಿನಲ್ಲಿ ಉಳಿದಿರುವುದೇ ಕೆಲವು. ಅವುಗಳಲ್ಲಿ ಅತ್ಯುತ್ತಮವೆಂದು ಎಣಿಸುವವುಗಳಲ್ಲಿ ಇದೂ ಒಂದಾಗಿ ಅರಮನೆಯ ವಸ್ತುಸಂಗ್ರಹಾಲಯದಲ್ಲಿದೆ.

ಇದೇ ಹೆಸರಿನ, ಇದೇ ವರ್ಷದ ಇನ್ನೊಂದು ಚಿನ್ ಸ್ವತಃ ವಾಂಗ್ ಶಿಶ್ಯಾಂಗರ ಮನೆಯಲ್ಲಿತ್ತು. 1948ರಲ್ಲಿ ಪುಸ್ತಕಗಳನ್ನೂ ಹೆಂಡತಿಯ ಒಡವೆಗಳನ್ನೂ ಕೊಟ್ಟು ಅದನ್ನು ಕೊಂಡಿದ್ದರು. ಹೆಂಡತಿ ಯುವಾನ್ ಚುವಾನ್ಯೂ ಗ್ವಾನರ ಶಿಷ್ಯೆ. ಆದ್ದರಿಂದ ಒಡವೆಯ ಬಗ್ಗೆ ಮನೆಯಲ್ಲಿ ಜಗಳವಾಗಿರಲಾರದು. 2003ರಲ್ಲಿ ಬೀಜಿಂಗಿನ ಹರಾಜಿನಲ್ಲಿ ಆ ವಾದ್ಯಕ್ಕೆ 89 ಲಕ್ಷ ಯುವಾನಿಗೂ ಹೆಚ್ಚು ಬೆಲೆ ಬಂದಿತು. ಅದೇ ವರ್ಷ ಯುನೆಸ್ಕೋ ಸಂಸ್ಥೆ ಚಿನ್ ಕಲೆಯನ್ನು ಮಾನವಕುಲದ ಪರಂಪರೆಗಳಲ್ಲೊಂದೆಂದು ಸಾರಿತ್ತು.

ಮರಕ್ಕೆ ಮೆರುಗು ಬಂದಿತು, ತಂತಿ ಬಿಗಿದದ್ದಾಯಿತು. ನುಡಿಸುವುದೇನನ್ನು? ಗ್ವಾನರು ಮಾಡಿದ ಇನ್ನೂ ಕಠಿಣವಾದ ದುರಸ್ತಿಯ ಕೆಲಸ ಇಲ್ಲಿದೆ.

ಚಿನ್ ಸಂಗೀತಕ್ಕೆ ಲಿಪಿಯುಂಟು, ಅದೂ ಬಹಳ ಹಳೆಯದು. ಆದರೆ ಅದು ನಮ್ಮ ಸ್ವರಲಿಪಿಯ ಹಾಗಲ್ಲ. ಸ-ರಿ-ಗ-ಮ ಎಂದು ಸ್ವರದ ಹೆಸರನ್ನು ಅದು ಬರೆಯುವುದೇ ಇಲ್ಲ. ಎಷ್ಟನೆಯ ತಂತಿ, ಎಷ್ಟನೆಯ ಚುಕ್ಕೆ, ಎಡಗೈಯ ಯಾವ ಬೆರಳು, ಬಲಗೈಯಿಂದ ಒಳಕ್ಕೆ ಮೀಟಬೇಕೋ ಹೊರಕ್ಕೋ, ಆಮೇಲೆ ಬೆರಳು ಜಾರಬೇಕೋ ತೂಗಬೇಕೋ, ಇಷ್ಟನ್ನೂ ಅಕ್ಷರಗಳ ತುಂಡುಗಳನ್ನು ಜೋಡಿಸಿ ಒಂದೇ ಸಂಕೇತದಲ್ಲಿ ಹೇಳುತ್ತದೆ. ಹೇಳದಿರುವುದು ಒಂದೇ, ಕಾಲ. ಈ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಮುಂದಿನದಕ್ಕೆ ಯಾವಾಗ ಹೋಗಬೇಕು ಎಂಬುದು ಬರಹದಲ್ಲಿಲ್ಲ. ನಮ್ಮಲ್ಲಿ ಸಮಸ್ಯೆ ಇದಕ್ಕೆ ತಲೆಕೆಳಗು: ಕೀರ್ತನೆಯ ಪುಸ್ತಕ ತೆರೆದರೆ ಸ್ವರ, ತಾಳ, ಆವರ್ತ ಎಲ್ಲವೂ ಅಚ್ಚುಕಟ್ಟಾಗಿ ಇರುತ್ತವೆ, ಗಮಕ ಮಾತ್ರ ಗುರುಮುಖದಿಂದ ಬರಬೇಕು. ಚೀನೀಯರು ಗಮಕವನ್ನು ಬರೆದಿಟ್ಟು ತಾಳವನ್ನು ಗುರುವಿಗೆ ಬಿಟ್ಟರು. ಎರಡು ಕಡೆಯೂ, ಗುರುಪರಂಪರೆ ಕಡಿದುಹೋದ ಕೃತಿ ಪುಸ್ತಕದ ಬದನೆಕಾಯಿಯೇ.

ಹೀಗೆ ಕಡಿದುಹೋದ ಕೃತಿಯನ್ನು ಲಿಪಿಯಿಂದ ಮತ್ತೆ ಎಬ್ಬಿಸುವ ಕೆಲಸಕ್ಕೆ ಚೀನೀ ಭಾಷೆಯಲ್ಲಿ ‘ದಾ ಪು’ ಎಂದು ಹೆಸರು. ವಾದಕನು ಒಂದೊಂದು ಸಂಕೇತವನ್ನೂ ಬೆರಳಿನಿಂದ ಮಾಡಿನೋಡುತ್ತಾನೆ. ಈ ಬೆರಳಿನಿಂದ ಆ ಬೆರಳಿಗೆ ಹೋಗಲು ಕೈಗೆ ಎಷ್ಟು ಹೊತ್ತು ಸಹಜವಾಗಿ ಬೇಕು, ಈ ವಾಕ್ಯ ಮತ್ತೆ ಮುಂದೆ ಬಂದಾಗ ಹೇಗೆ ಬದಲಾಗಿದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಹುಡುಕುತ್ತ ಹುಡುಕುತ್ತ ಲಯವನ್ನು ಕಂಡುಕೊಳ್ಳುತ್ತಾನೆ. ಒಂದು ಕೃತಿಗೆ ತಿಂಗಳುಗಳಾದರೂ ಆದೀತು, ವರ್ಷಗಳಾದರೂ ಆದೀತು. 1952ರಲ್ಲಿ, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ, ಬೀಜಿಂಗಿನ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಗ್ವಾನರಿಗೆ ಕೆಲಸ ದೊರೆಯಿತು. ಅಲ್ಲಿಂದ ಮುಂದೆ ಅವರ ಮುಖ್ಯ ಕಸುಬೇ ಇದಾಯಿತು.

ಅವರು ಎಬ್ಬಿಸಿದ ಕೃತಿಗಳಲ್ಲಿ ಎರಡನ್ನು ಹೆಸರಿಸಬೇಕು. ‘ಯೂ ಲಾನ್’, ಎಂದರೆ ಏಕಾಂತದ ಸೀತಾಳೆ ಹೂ, ಚಿನ್ ಕೃತಿಗಳಲ್ಲೆಲ್ಲ ಅತಿ ಹಳೆಯ ಲಿಖಿತವಾಗಿ ನಮಗೆ ಸಿಕ್ಕಿರುವುದು. ಟಾಂಗ್ ಕಾಲದಲ್ಲಿ ಪ್ರತಿಮಾಡಿದ ಅದರ ಸುರುಳಿ ಜಪಾನಿನಲ್ಲಿ ಉಳಿದುಬಂದಿದೆ. ಆಗ ಸಂಕೇತಗಳಿನ್ನೂ ರೂಢಿಗೆ ಬಂದಿರಲಿಲ್ಲವಾದ್ದರಿಂದ, ಇಂಥ ಬೆರಳನ್ನು ಇಂಥ ತಂತಿಯ ಮೇಲಿಟ್ಟು ಹೀಗೆ ಮೀಟು ಎಂದು ಗದ್ಯದಲ್ಲೇ ಉದ್ದಕ್ಕೆ ಬರೆದಿದೆ, ಅಡಿಗೆಯ ವಿಧಾನ ಬರೆದ ಹಾಗೆ. ಇನ್ನೊಂದು ‘ಗುವಾಂಗ್‌ಲಿಂಗ್ ಸಾನ್’. ಮೂರನೆಯ ಶತಮಾನದಲ್ಲಿ ಜಿ ಕಾಂಗ್ ಎಂಬ ಪಂಡಿತನಿಗೆ ಮರಣದಂಡನೆಯಾದಾಗ, ಅವನು ವಧಾಸ್ಥಾನದಲ್ಲಿ ಚಿನ್ ತರಿಸಿಕೊಂಡು ಇದನ್ನು ನುಡಿಸಿ, ಇಂದಿಗೆ ಈ ಕೃತಿ ಮುಗಿಯಿತೆಂದು ಮರುಗಿದನಂತೆ. ಮುಗಿದಿರಲಿಲ್ಲ. ಮಿಂಗ್ ವಂಶದ ರಾಜಕುಮಾರ ಜು ಚುವಾನ್ 1425ರಲ್ಲಿ ಹೊರತಂದ ಸಂಗ್ರಹದಲ್ಲಿ ಈ ಹೆಸರಿನ ಕೃತಿ ನಲವತ್ತೈದು ಭಾಗಗಳಲ್ಲಿ ಇದೆ. ಆದರೆ ನುಡಿಸುವ ಬಗೆ ತಿಳಿದವರಿರಲಿಲ್ಲ. ಈ ಎರಡು ಕೃತಿಗಳೂ ಇಪ್ಪತ್ತನೆಯ ಶತಮಾನದ ಕಿವಿಗೆ ಬಿದ್ದದ್ದರಲ್ಲಿ ಗ್ವಾನರ ಕೈವಾಡ ದೊಡ್ಡದು. ಅವರು ಕಂಡ ಲಯವೇ ಜಿ ಕಾಂಗನ ಲಯವೆಂದು ಯಾರೂ ಪ್ರಮಾಣಮಾಡಿ ಹೇಳಲಾರರು. ಬೇರೆ ವಾದಕರು ಅದೇ ಲಿಪಿಯಿಂದ ಬೇರೆ ಲಯವನ್ನು ಕಂಡಿದ್ದಾರೆ. ನನಗಂತೂ ಇದು ದೋಷವೆಂದು ತೋರುವುದಿಲ್ಲ. ಲಿಪಿಕಾರರು ಬೇಕೆಂದೇ ಬಾಗಿಲನ್ನು ತೆರೆದಿಟ್ಟರೆಂದು ತೋರುತ್ತದೆ.

ಇಷ್ಟಾದರೂ, ಧ್ವನಿಮುದ್ರಣ ಇಲ್ಲದಿದ್ದರೆ ಗ್ವಾನರ ಲಯವೂ ಅವರೊಂದಿಗೇ ಹೋಗುತ್ತಿತ್ತು. 1956ರಲ್ಲಿ ಜಾ ಫೂಶಿ ಎಂಬ ಹಿರಿಯ ವಾದಕರು, ಶು ಜಿಯಾನ್ ಮತ್ತು ಗ್ವಾನರ ಶಿಷ್ಯೆ ವಾಂಗ್ ದಿ ಇವರನ್ನು ಜೊತೆಗೆ ಕರೆದುಕೊಂಡು, ಮುದ್ರಣಯಂತ್ರದೊಂದಿಗೆ ಊರಿಂದೂರಿಗೆ ಹೋಗಿ ಚಿನ್ ಬಲ್ಲವರನ್ನು ಹುಡುಕಿದರು. ಅಷ್ಟು ದೊಡ್ಡ ದೇಶದಲ್ಲಿ ಅವರಿಗೆ ಮುದ್ರಿಸಿಕೊಳ್ಳಲು ಸಿಕ್ಕಿದವರು ಎಂಬತ್ತಕ್ಕೆ ಸ್ವಲ್ಪ ಮೇಲೆ. ಅವರಲ್ಲಿ ಬಹುಮಂದಿ ವೃದ್ಧರು. ಒಂದು ಕೋಣೆಯಾಚೆ ಕೇಳಿಸದ ವಾದ್ಯಕ್ಕೆ ಮೈಕ್ರೊಫೋನು ಹೊಸ ಕಿವಿಯಾಗಿ ಬಂದಿತು. ಸಂಗೀತ ಕಚೇರಿಯ ಸಭಾಂಗಣ ಮಾಡಲಾರದ್ದನ್ನು ಬಾನುಲಿಯೂ ಮುದ್ರಿಕೆಯೂ ಮಾಡಬಲ್ಲವು, ಏಕೆಂದರೆ ಅವು ವಾದಕನನ್ನು ನೇರವಾಗಿ ನಿಮ್ಮ ಕೋಣೆಗೇ ತಂದು ಕೂರಿಸುತ್ತವೆ. ಚಿನ್ ಕೇಳಬೇಕಾದದ್ದೂ ಹಾಗೆಯೇ.

ಆ ಮುದ್ರಣಗಳಿಗೆ ಇನ್ನೊಂದು ಬೆಲೆಯೂ ಇದೆ. 1960ರ ದಶಕದಲ್ಲಿ ನೈಲಾನ್ ಸುತ್ತಿದ ಉಕ್ಕಿನ ತಂತಿಗಳು ಬಂದವು. ಅವಕ್ಕೆ ದನಿ ಜೋರು, ಬೇಗ ಕಡಿಯುವುದಿಲ್ಲ. ಕೆಲವೇ ವರ್ಷಗಳಲ್ಲಿ ರೇಷ್ಮೆ ಬಹುಮಟ್ಟಿಗೆ ಮೂಲೆ ಸೇರಿತು. ಈ ಶತಮಾನದಲ್ಲಿ ಕೆಲವರು ಮತ್ತೆ ರೇಷ್ಮೆಗೆ ಮರಳಿದ್ದಾರೆ. ಅವರು ಕಿವಿಗೊಟ್ಟು ಕಲಿಯುವುದು ಗ್ವಾನ್ ಮೊದಲಾದವರ ಹಳೆಯ ಮುದ್ರಿಕೆಗಳಿಂದ. ಗ್ವಾನ್ ತೀರಿಕೊಂಡದ್ದು 1967ರ ಮಾರ್ಚಿನಲ್ಲಿ, ಸಾಂಸ್ಕೃತಿಕ ಕ್ರಾಂತಿ ಎಂಬ ಹೆಸರಿನಲ್ಲಿ ಹಳೆಯದೆಲ್ಲವನ್ನೂ ಹಳಿಯುತ್ತಿದ್ದ ದಿನಗಳಲ್ಲಿ.

ಹತ್ತು ವರ್ಷ ಕಳೆದು, 1977ರಲ್ಲಿ, ಅಮೆರಿಕದವರು ವಾಯೇಜರ್ ಎಂಬ ಎರಡು ಆಕಾಶನೌಕೆಗಳನ್ನು ಹಾರಿಸಿದರು. ಒಂದೊಂದರಲ್ಲೂ ಚಿನ್ನದ ಲೇಪದ ತಾಮ್ರದ ಗ್ರಾಮಫೋನ್ ತಟ್ಟೆಯನ್ನು ಇಟ್ಟಿದ್ದಾರೆ. ಅದರಲ್ಲಿ ಭೂಮಿಯ ಸಂಗೀತದ 27 ಮಾದರಿಗಳು. ಚೀನಾದಿಂದ ಯಾವುದನ್ನು ಸೇರಿಸಬೇಕೆಂದು ಕೊಲಂಬಿಯ ವಿಶ್ವವಿದ್ಯಾಲಯದ ಸಂಗೀತ ಸಂಯೋಜಕ ಚೌ ವೆನ್‌ಚುಂಗ್ ಅವರನ್ನು ಕೇಳಿದಾಗ ಅವರು ಸೂಚಿಸಿದ್ದು ಗ್ವಾನ್ ನುಡಿಸಿದ ‘ಲಿಯೂ ಶ್ವೇ’, ಹರಿಯುವ ನೀರು, ಎಂಬ ಕೃತಿಯನ್ನು. ಬೋ ಯಾನ ಹೊಳೆಯ ಕೃತಿಯಿಂದ ಬಂದದ್ದೆಂದು ಹೇಳುವುದು ಇದನ್ನೇ. ಗ್ವಾನ್ ನುಡಿಸಿದ ಪಾಠ 1876ರ ಪುಸ್ತಕವೊಂದರದು. ಜಾಂಗ್ ಕುಂಗ್‌ಶಾನ್ ಎಂಬ ವಾದಕ ಅದರಲ್ಲಿ ತಂತಿಗಳನ್ನೆಲ್ಲ ಒಟ್ಟಿಗೆ ಉರುಳಿಸಿ ಸವರುವ ಭಾಗವನ್ನು ಸೇರಿಸಿದ್ದಾನೆ. ಆ ತಟ್ಟೆಯಲ್ಲಿ ಇದರ ಮರುಕ್ಷಣವೇ ಬರುವುದು ಕೇಸರಬಾಯಿ ಕೇರ್ಕರರ ಭೈರವಿ, ‘ಜಾತ್ ಕಹಾಂ ಹೋ’. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ. ಅದೇ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಕಲಿತದ್ದನ್ನು ನೀವು ಬಲ್ಲಿರಿ. ಮೊದಲ ನೌಕೆ 2012ರಲ್ಲಿ ಸೂರ್ಯನ ಪ್ರಭಾವಲಯವನ್ನು ದಾಟಿತು, ಎರಡನೆಯದು 2018ರಲ್ಲಿ.

ಗ್ವಾನರ ‘ಹರಿಯುವ ನೀರು’ ಏಳೂವರೆ ನಿಮಿಷದಷ್ಟಿದೆ. ಕೇಳುವ ಅವಕಾಶ ಒದಗಿದರೆ, ಮನೆಯ ಗಲಾಟೆಯೆಲ್ಲ ಅಡಗಿದ ಹೊತ್ತಿನಲ್ಲಿ ಕೇಳಿ. ದನಿಯನ್ನು ಬಹಳ ಏರಿಸಬೇಡಿ. ಚಿನ್ ಗಟ್ಟಿಯಾಗಿ ನುಡಿದರೆ ಚಿನ್ನಾಗಿ ಉಳಿಯುವುದಿಲ್ಲ. ಮೊದಲು ಅಲ್ಲೊಂದು ಇಲ್ಲೊಂದು ಸ್ವರ ಬಿದ್ದು, ಆಮೇಲೆ ಗಂಟೆಯಂಥ ಸಣ್ಣ ನಾದಗಳು ತೊಟ್ಟಿಕ್ಕಿ, ನಡುವೆ ಆ ಸವರುವ ಭಾಗ ಬಂದಾಗ ನೀರು ಕಲ್ಲಿಗೆ ಬಡಿಯುವುದು ಗೊತ್ತಾಗುತ್ತದೆ. ಉದ್ದಕ್ಕೂ ಸರ್, ಸರ್ ಎಂಬ ಒಂದು ಒಣಸದ್ದು ಕೇಳಿಸೀತು. ಅದು ನಿಮ್ಮ ಯಂತ್ರದ ದೋಷವಲ್ಲ, ಗುಂಡಿ ತಿರುಗಿಸಹೋಗಬೇಡಿ. ರೇಷ್ಮೆಯ ಹುರಿಯ ಮೇಲೆ ಗ್ವಾನರ ಎಡಗೈ ಬೆರಳು ಜಾರುತ್ತಿರುವ ಸದ್ದು ಅದು.